ಹೆಸರು ಬಿಟ್ಟೆ, ಕೊಂದವನನ್ನು ಹಿಡಿದೆ

ಟ್ರಾಯ್ ಯುದ್ಧದ ಕಥೆ ಹೇಳುವ ಗ್ರೀಕ್ ಮಹಾಕಾವ್ಯ ಇಲಿಯಡ್‌ನ ಸಣ್ಣಪುಟ್ಟ ಪಾತ್ರಗಳನ್ನು ಹೆಸರಿನ ಪ್ರಕಾರ ಜೋಡಿಸಬೇಡಿ, ಕೊಂದವನ ಪ್ರಕಾರ ಜೋಡಿಸಿ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ಈಗ ನನ್ನ ಹತ್ತಿರ ಸುಮಾರು ಏಳುನೂರು ಚೀಟಿ ಇವೆ. ಒಂದೇ ಹೆಸರಿನವರು ಹಲವರಿದ್ದರೂ ಎಲ್ಲೂ ಕಲಸಿಲ್ಲ.

ಮೊದಲು ಅಪ್ಪನ ಹೆಸರು ಹಿಡಿದು ನೋಡಿದ್ದೆ. ದೊಡ್ಡವರಿಗೆ ಅಷ್ಟೇ ಸಾಕು. ಟೆಲಮಾನನ ಮಗ ಅಜಾಕ್ಸ್, ಒಯಿಲಿಯಸ್‌ನ ಮಗ ಅಜಾಕ್ಸ್, ಮುಗೀತು. ಆದರೆ ಒಂದೇ ಸಾಲಲ್ಲಿ ಬಂದು ಸಾಯುವವರಿಗೆ ಎಷ್ಟೋ ಸಲ ಅಪ್ಪನೂ ಇಲ್ಲ, ಊರೂ ಇಲ್ಲ. ಬಣ್ಣದ ಕಾರ್ಡು, ಪೆಟ್ಟಿಗೆ ಅಂತ ಮೂರು ಸಾವಿರದ ಹತ್ತಿರ ಹೋಯಿತು. ಆಮೇಲೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಸಲು ಐದಾರು ಸಾವಿರ ಕೊಟ್ಟೆ. ಅದು ಕ್ರೋಮಿಯಸ್ ಅನ್ನುವ ಬೇರೆ ಬೇರೆ ಯೋಧರನ್ನೆಲ್ಲ ಒಬ್ಬನೇ ಅಂತ ಸೇರಿಸಿಬಿಟ್ಟಿತು!

ಕೊಂದವನ ಹೆಸರನ್ನು ಮೊದಲ ಕಾಲಂಗೆ ತಂದ ಮೇಲೆ ಗಂಟು ಬಿಚ್ಚಿತು. ಒಬ್ಬ ಕ್ರೋಮಿಯಸ್‌ನನ್ನು ಡಯೊಮಿಡೀಸ್ ಕೊಂದ, ಇನ್ನೊಬ್ಬನನ್ನು ಒಡಿಸ್ಸಿಯಸ್, ಮತ್ತೊಬ್ಬನನ್ನು ಟ್ಯೂಸರ್. ಕೊಂದ ಮೂವರೂ ಗ್ರೀಕ್ ವೀರರು. ಟ್ರಾಯ್ ಕಡೆಯ ಅಡ್ರಾಸ್ಟಸ್‌ಗಳೂ ಮೂವರು. 6ನೇ ಭಾಗದವನು ಗ್ರೀಕ್ ರಾಜ ಮೆನೆಲಾಸ್‌ನ ಮೊಣಕಾಲು ಹಿಡಿದು ಬೇಡಿಕೊಳ್ಳುತ್ತಾನೆ, ಮೆನೆಲಾಸ್‌ನ ಅಣ್ಣ ಅಗಮೆಮ್ನಾನ್ ಬಂದು ಮುಗಿಸುತ್ತಾನೆ. ಮೆರೋಪ್ಸ್‌ನ ಮಗ 11ರಲ್ಲಿ ಡಯೊಮಿಡೀಸ್ ಪಾಲು. 16ರಲ್ಲಿ ಸಾಯುವವನು ಗ್ರೀಕ್ ಕಡೆಯ ಪ್ಯಾಟ್ರೋಕ್ಲಸ್ ಪಾಲು.

ಗೆಳೆಯರ ದೊಡ್ಡ ಆಕ್ಷೇಪ ಟ್ರಾಯ್ ಕಡೆಯ ರಾಜ ಪೈಲೆಮೆನೀಸ್. ಇವನನ್ನು 5ನೇ ಭಾಗದಲ್ಲಿ ಮೆನೆಲಾಸ್ ಕೊಲ್ಲುತ್ತಾನೆ. 13ರಲ್ಲಿ ನೋಡಿದರೆ ಮಗ ಹಾರ್ಪಾಲಿಯನ್‌ನ ಹೆಣದ ಹಿಂದೆ ಅಳುತ್ತಾ ನಡೆಯುತ್ತಾನೆ. ನಾನು ಎರಡು ಚೀಟಿ ಮಾಡಿ ನಡುವೆ ಕೆಂಪು ಗೆರೆ ಎಳೆದೆ. ಸೇರಿಸಿದರೆ ಮತ್ತೆ ಬಿಡಿಸೋದು ಕಷ್ಟ, ಬಿಡಿಸಿಟ್ಟರೆ ಯಾವಾಗ ಬೇಕಾದರೂ ಸೇರಿಸಬಹುದು ಅಲ್ವಾ?

ಯುದ್ಧದಲ್ಲಿ ಸಾಯದವರಿಗೆ ಬೇರೆ ಗುರುತು ಬೇಕು. ಯೂರಿಬಟೀಸ್ ಅನ್ನುವ ದೂತರು ಇಬ್ಬರು, ಒಬ್ಬ ಅಗಮೆಮ್ನಾನ್‌ನವನು, ಇನ್ನೊಬ್ಬ ಒಡಿಸ್ಸಿಯಸ್‌ನವನು. ಇವರಿಗೆ ಯಜಮಾನನ ಹೆಸರು ಸಾಕು. ಯಜಮಾನನೂ ಇಲ್ಲದವರಿಗೆ ನಾನೇ ಒಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ಹೇಳಲ್ಲ.

ಸುಮ್ನೆ ಮಹಾಭಾರತದ ಮೇಲೂ ಪ್ರಯೋಗ ಮಾಡಿದೆ. ಶಂತನುವಿನ ಮಗ ಚಿತ್ರಾಂಗದನನ್ನು ಕೊಂದ ಗಂಧರ್ವನ ಹೆಸರೂ ಚಿತ್ರಾಂಗದ. ಹೆಸರಿನ ಪಟ್ಟಿಯಲ್ಲಿ ಇವರು ಖಂಡಿತ ಕಲಸುತ್ತಾರೆ. ನನ್ನ ಚೀಟಿಯಲ್ಲಿ ಕೊಂದವನು ಎಡಕ್ಕೆ, ಸತ್ತವನು ಬಲಕ್ಕೆ.

ಈಗ ಇಲಿಯಡ್‌ನ ಯುದ್ಧದ ಹೊರಗಿನ, ಗ್ರೀಕ್ ಪುರಾಣದ ಗ್ಲಾಕಸ್ ಅನ್ನುವವರಿಗೆ ಕೈಹಾಕಿದ್ದೇನೆ. ಸಿಸಿಫಸ್‌ನ ಮಗನನ್ನು ಅವನ ಕುದುರೆಗಳೇ ತಿಂದವು, ಅವನು ಸುಲಭ. ಕ್ರೀಟ್ ದ್ವೀಪದ ರಾಜ ಮಿನೋಸ್‌ನ ಮಗ ಜೇನಿನ ಜಾಡಿಗೆ ಬಿದ್ದು ಸತ್ತು ಮತ್ತೆ ಎದ್ದು ಬಂದ. ಅವನದ್ದೇ ಇನ್ನೂ ಮೇಜಿನ ಮೇಲಿದೆ.