ಹೆಸರು ಮರೆತ ಮನೆಬಳಕೆಯ ಸಲಕರಣೆಯನ್ನು ಗುರುತಿಸುವ ಬಗೆ

ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಬರಿದು ಮಾಡುವಾಗ ಯಾವುದೋ ಒಂದು ವಸ್ತು ಕೈಗೆ ಸಿಗುತ್ತದೆ. ಅದಕ್ಕೆ ಹಿಡಿಯಿದೆ, ಕೀಲಿದೆ, ಯಾರೋ ಲೆಕ್ಕ ಹಾಕಿ ಮಾಡಿದ್ದೆಂದು ನೋಡಿದರೇ ತಿಳಿಯುತ್ತದೆ. ಆದರೆ ಯಾವ ಕೆಲಸಕ್ಕೆಂದು ಮನೆಯಲ್ಲಿ ಯಾರಿಗೂ ಹೇಳಲಾಗುವುದಿಲ್ಲ. ಹೆಚ್ಚಿನವರು ಆಗ ಅದರ ಹೆಸರನ್ನು ಹುಡುಕಲು ತೊಡಗುತ್ತಾರೆ. ಹೆಸರು ಕೊನೆಗೆ ಸಿಗುವಂಥದ್ದು, ಕೆಲವೊಮ್ಮೆ ಸಿಗದೆಯೂ ಹೋಗಬಹುದು. ವಸ್ತು ಎಲ್ಲೆಲ್ಲಿ ಸವೆದಿದೆ ಎಂಬುದನ್ನು ಮೊದಲು ನೋಡಿದರೆ ಅದು ಮಾಡುತ್ತಿದ್ದ ಕೆಲಸ ತಿಳಿಯುತ್ತದೆ, ಕೆಲಸ ತಿಳಿದ ಮೇಲೆ ಹೆಸರಿನ ಹುಡುಕಾಟ ಅರ್ಧ ಮುಗಿದಂತೆಯೇ.

ಆದ್ದರಿಂದ ಸಿಕ್ಕಿದ ಕೂಡಲೇ ಅದನ್ನು ಉಜ್ಜಿ ತೊಳೆಯಬಾರದು. ನಾನು ಒಮ್ಮೆ ತುಕ್ಕು ಹಿಡಿದ ಇಕ್ಕಳವೊಂದನ್ನು ಉಪ್ಪುಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿದೆ. ಹಿಡಿಯ ಒಳಬದಿಯಲ್ಲಿದ್ದ ತಯಾರಕರ ಮುದ್ರೆಯ ಮೊದಲ ಎರಡು ಅಕ್ಷರಗಳು ಆ ಉತ್ಸಾಹದಲ್ಲಿ ಅಳಿಸಿಹೋದವು, ಉಳಿದ ಅಕ್ಷರಗಳಿಂದ ಏನೂ ಹೊರಡಲಿಲ್ಲ. ಒಣಗಿದ ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ಸಂದಿಯಲ್ಲಿ ಅಂಟಿಕೊಂಡ ಮೇಣ, ಮಸಿ, ನಾರು, ಎಣ್ಣೆಯ ಜಿಡ್ಡು ಇವೆಲ್ಲವೂ ಸಾಕ್ಷಿಗಳೇ ಆಗಿರುವುದರಿಂದ, ನೋಡಿ, ಚಿತ್ರ ತೆಗೆದು, ಬರೆದಿಟ್ಟುಕೊಂಡ ಬಳಿಕವಷ್ಟೇ ಅವನ್ನು ಮುಟ್ಟುವುದು ಒಳ್ಳೆಯದು.

ಸವೆತವನ್ನು ನೋಡಲು ಕಿಟಕಿಯ ಬಳಿ ನಿಂತು, ಬೆಳಕು ಅಡ್ಡಲಾಗಿ ಬೀಳುವಂತೆ ವಸ್ತುವನ್ನು ನಿಧಾನವಾಗಿ ತಿರುಗಿಸಬೇಕು. ಕೈ ಹಿಡಿಯುತ್ತಿದ್ದ ಭಾಗ ನುಣುಪಾಗಿ ಕಪ್ಪೇರಿರುತ್ತದೆ, ಕೆಲಸ ಮಾಡುತ್ತಿದ್ದ ಭಾಗ ಬೇರೆಯೇ ರೀತಿಯಲ್ಲಿ ತೇಯ್ದಿರುತ್ತದೆ, ಬೆಂಕಿಗೆ ಒಡ್ಡಿದ ಭಾಗದ ಬಣ್ಣ ಬದಲಾಗಿರುತ್ತದೆ. ಉದಾಹರಣೆಗೆ, ಅಣಬೆಯ ಆಕಾರದ ಒಂದು ಮರದ ವಸ್ತುವನ್ನು ತೆಗೆದುಕೊಳ್ಳೋಣ. ಮೇಲ್ನೋಟಕ್ಕೆ ಆಟಿಕೆಯಂತೆ ಅಥವಾ ಏನನ್ನೋ ಜಜ್ಜುವ ಗುಂಡಿನಂತೆ ಕಾಣುತ್ತದೆ. ಜಜ್ಜುವ ಕೆಲಸಕ್ಕೆ ಬಳಸಿದ್ದರೆ ತಲೆಯಲ್ಲಿ ತಗ್ಗುಗಳು, ಮುರಿದ ಎಳೆಗಳು ಇರಬೇಕಿತ್ತು. ಇಲ್ಲಿರುವುದು ಕೂದಲೆಳೆಯಷ್ಟು ಸಣ್ಣ ಗೀರುಗಳು ಮಾತ್ರ, ಅವೂ ಒಂದನ್ನೊಂದು ಅಡ್ಡಹಾಯ್ದು ಬಲೆಯಂತೆ ಹರಡಿಕೊಂಡಿವೆ. ಅವು ಸೂಜಿಯ ಮೊನೆ ಎಳೆದ ಗೀರುಗಳು. ತೂತುಬಿದ್ದ ಕಾಲುಚೀಲವನ್ನು ಈ ಉಬ್ಬಿದ ತಲೆಯ ಮೇಲೆ ಬಿಗಿದು, ನೂಲನ್ನು ಉದ್ದಕ್ಕೂ ಅಡ್ಡಕ್ಕೂ ಹಾಯಿಸಿ ರಫು ಮಾಡುತ್ತಿದ್ದರು. ಇದೇ ಕೆಲಸಕ್ಕೆ ಮೊಟ್ಟೆಯ ಆಕಾರದ ಮರದ ಗುಂಡೂ ಬಳಕೆಯಲ್ಲಿತ್ತು. ಗೀರುಗಳನ್ನು ಗಮನಿಸದವರು ಅದನ್ನು ಅಲಂಕಾರದ ವಸ್ತುವೆಂದು ತಿಳಿಯುವುದು ಸಾಮಾನ್ಯ.

ಕೈಯಲ್ಲಿರುವುದು ಇಡೀ ಸಲಕರಣೆಯೇ, ಅದರ ಅರ್ಧವೇ ಎಂಬುದು ಮುಂದಿನ ಪ್ರಶ್ನೆ. ಏನೂ ಸೇರಿಕೊಂಡಿರದ ತೂತು, ಕಾರಣವಿಲ್ಲದ ತೋಡು, ಒಂಟಿ ಕೊಂಡಿ ಕಂಡರೆ ಜೊತೆಯ ಭಾಗ ಕಳೆದುಹೋಗಿದೆ ಎಂದೇ ಅನುಮಾನಿಸಬೇಕು. ಎರಡೂ ತುದಿ ಚೂಪಾಗಿ ದೋಣಿಯಂತಿರುವ, ತಳ ಕನ್ನಡಿಯಷ್ಟು ನುಣುಪಾದ, ಮೇಲೆ ಹಿಡಿಯೇ ಇಲ್ಲದ ಕಬ್ಬಿಣದ ಗಟ್ಟಿಯೊಂದು ಸಿಕ್ಕಿದರೆ, ಬಾಗಿಲಿಗೆ ಒತ್ತಿಡುವ ಭಾರವೆಂದು ಬದಿಗಿಡುವ ಮೊದಲು ಅದರ ಮೇಲ್ಭಾಗದಲ್ಲಿ ಹಿಡಿ ಕಚ್ಚಿಕೊಳ್ಳುವ ಕುಳಿಯಿದೆಯೇ ಎಂದು ನೋಡಿ. ಕುಳಿಯಿದ್ದರೆ ಅದು ಇಸ್ತ್ರಿ ಪೆಟ್ಟಿಗೆ. ಅಮೆರಿಕದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬಾಕೆ ಬಿಚ್ಚಿ ತೆಗೆಯಬಹುದಾದ ಮರದ ಹಿಡಿಯುಳ್ಳ ಇಂಥ ಇಸ್ತ್ರಿಗೆ 1871ರಲ್ಲಿ ಪೇಟೆಂಟ್ ಪಡೆದರು. ಒಂದು ಗಟ್ಟಿ ಒಲೆಯ ಮೇಲೆ ಕಾಯುತ್ತಿರುವಾಗ ಇನ್ನೊಂದರಿಂದ ಬಟ್ಟೆ ಒತ್ತಬಹುದಾಗಿತ್ತು, ಹಿಡಿಯಂತೂ ಬಿಸಿಯಾಗುತ್ತಿರಲಿಲ್ಲ. ಹಲವು ಗಟ್ಟಿಗಳಿಗೆ ಒಂದೇ ಹಿಡಿಯಾದ್ದರಿಂದ ಹಿಡಿ ಹಾಳಾಗಿ, ಗಟ್ಟಿಗಳಷ್ಟೇ ಅನಾಥವಾಗಿ ಉಳಿಯುವುದು ಸಹಜವೇ. ಹಳೆಯ ಇಸ್ತ್ರಿಗಳ ಮೇಲೆ ಎರಕದಲ್ಲೇ ಮೂಡಿದ ಅಂಕಿಯಿದ್ದರೆ ಒಮ್ಮೆ ತೂಗಿ ನೋಡಬೇಕು. ಕೆಲವು ಕಡೆ ಅದು ಪೌಂಡ್ ಲೆಕ್ಕದ ತೂಕ, ಬೇರೆ ಕಡೆ ತಯಾರಕರ ಅಳತೆಯ ಕ್ರಮಸಂಖ್ಯೆ ಮಾತ್ರ.

ಕೆಲವು ಸಲಕರಣೆಗಳು ಮರೆವಿಗೆ ಸಂದದ್ದು ಅವುಗಳಿಗಿಂತ ಉತ್ತಮವಾದವು ಬಂದುದರಿಂದಲ್ಲ, ಅವು ನೀಗಿಸುತ್ತಿದ್ದ ತೊಂದರೆಯೇ ಇಲ್ಲವಾದುದರಿಂದ. ಗುರುತಿಸಲು ಅತ್ಯಂತ ಕಷ್ಟವಾದವು ಇವೇ, ಏಕೆಂದರೆ ಆ ತೊಂದರೆಯನ್ನು ನಾವು ಕಂಡೇ ಇಲ್ಲ. ಕತ್ತರಿಯಂತಿರುವ, ಒಂದು ಅಲಗಿನ ಮೇಲೆ ಪುಟ್ಟ ಡಬ್ಬಿಯನ್ನು ಹೊತ್ತ, ಎಷ್ಟೋ ಸಲ ಕೆಳಗೆ ಮೂರು ಗಿಡ್ಡ ಕಾಲುಗಳೂ ಇರುವ ವಸ್ತುವನ್ನು ನೋಡಿದವರು ಅದರಿಂದ ಏನನ್ನು ಕತ್ತರಿಸಬಹುದೆಂದು ತಲೆ ಕೆರೆದುಕೊಳ್ಳುತ್ತಾರೆ. ಹಿಂದಿನ ಮೇಣದಬತ್ತಿಗಳಲ್ಲಿ ಬತ್ತಿ ಪೂರ್ತಿ ಉರಿದುಹೋಗದೆ ಕರಕಲಾಗಿ ಉದ್ದ ಬೆಳೆದು ಹೊಗೆಯಾಡುತ್ತಿತ್ತು. ಆ ಕುಡಿಯನ್ನು ಆಗಾಗ ಕತ್ತರಿಸಬೇಕಿತ್ತು, ಕತ್ತರಿಸಿದ ಕೆಂಡ ಮೇಜಿನ ಮೇಲೆ ಬೀಳದಂತೆ ಡಬ್ಬಿ ಅದನ್ನು ಹಿಡಿದುಕೊಳ್ಳುತ್ತಿತ್ತು. 19ನೇ ಶತಮಾನದ ಮೊದಲರ್ಧದಲ್ಲಿ ಹೆಣೆದ ಬತ್ತಿ ಬಂದಿತು. ಅದು ಉರಿಯುತ್ತಾ ತಾನೇ ಬಾಗಿ ಜ್ವಾಲೆಯ ಅಂಚಿಗೆ ಹೋಗಿ ಬೂದಿಯಾಗುವುದರಿಂದ ಈ ಕತ್ತರಿಗೆ ಕೆಲಸವೇ ಉಳಿಯಲಿಲ್ಲ. ನಿಮ್ಮ ಕೈಯಲ್ಲಿರುವುದು ಇಂಥದ್ದಾಗಿರಬಹುದು ಎನಿಸಿದರೆ ಡಬ್ಬಿಯ ಒಳಮೂಲೆಯಲ್ಲಿ ಮಸಿಯನ್ನು ಹುಡುಕಿ. ತೊಳೆಯಬೇಡಿ ಎಂದದ್ದು ಇದಕ್ಕೇ.

ಕಾಲವನ್ನು ಅಂದಾಜು ಮಾಡಲು ಲೋಹವೂ ತಿರುಪು ಮೊಳೆಗಳೂ ನೆರವಾಗುತ್ತವೆ. ಅಲ್ಯೂಮಿನಿಯಂ ಅಗ್ಗವಾಗುವ ದಾರಿ ತೆರೆದದ್ದು 1886ರಲ್ಲಿ ಕಂಡುಹಿಡಿದ ವಿದ್ಯುತ್ ವಿಧಾನದಿಂದ. ಬೇಕಲೈಟ್ ಎಂಬ ಗಡುಸಾದ ಪ್ಲಾಸ್ಟಿಕ್ ಹುಟ್ಟಿದ್ದು 1907ರಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು 1913ರಲ್ಲಿ. ತಲೆಯಲ್ಲಿ ಕೂಡುಚಿಹ್ನೆಯಂಥ ಕುಳಿಯಿರುವ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಆದರೆ ಇವು ಹೇಳುವುದು ಆ ಭಾಗ ಅದಕ್ಕಿಂತ ಹಳೆಯದಲ್ಲ ಎಂಬುದನ್ನಷ್ಟೇ. ಹಿಡಿ ಸಡಿಲವಾದಾಗ ಮನೆಯವರು ಹೊಸ ತಿರುಪು ಹಾಕಿರಬಹುದು, ಆದ್ದರಿಂದ ಒಂದೇ ತಿರುಪನ್ನು ನಂಬಿ ಇಡೀ ವಸ್ತುವಿನ ವಯಸ್ಸನ್ನು ನಿರ್ಧರಿಸುವುದು ದುಡುಕಾಗುತ್ತದೆ. ಹಿತ್ತಾಳೆಯಂತೆ ಹೊಳೆಯುವುದಕ್ಕೆ ಅಯಸ್ಕಾಂತ ಬಿಗಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರಿಯ ಲೇಪ.

ಮುದ್ರೆ ಮಸುಕಾಗಿದ್ದರೆ ತೆಳುವಾದ ಕಾಗದವನ್ನು ಅದರ ಮೇಲಿಟ್ಟು ಸೀಸದ ಕಡ್ಡಿಯ ಬದಿಯಿಂದ ಹಗುರವಾಗಿ ಉಜ್ಜಿದಾಗ ಅಕ್ಷರಗಳು ಎದ್ದು ಬರುತ್ತವೆ. ವಜ್ರಾಕೃತಿಯ ಚೌಕಟ್ಟಿನೊಳಗೆ ಅಕ್ಷರ, ಅಂಕಿಗಳಿದ್ದರೆ ಅದು 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ವಿನ್ಯಾಸದ ನೋಂದಣಿಗೆ ಬಳಸುತ್ತಿದ್ದ ಗುರುತಾಗಿರುವ ಸಾಧ್ಯತೆ ಹೆಚ್ಚು. ಪೇಟೆಂಟ್ ಸಂಖ್ಯೆಯಿದ್ದರೆ ನಿಮ್ಮ ಅದೃಷ್ಟ. ಗೂಗಲ್ ಪೇಟೆಂಟ್ಸ್‌ನಂಥ ಸಂಗ್ರಹದಲ್ಲಿ ದೇಶದ ಹೆಸರಿನೊಂದಿಗೆ ಅದನ್ನು ಹುಡುಕಿದರೆ ಹಲವು ಬಾರಿ ಮೂಲ ರೇಖಾಚಿತ್ರವೇ ಸಿಗುತ್ತದೆ. ಮುದ್ರೆಯಲ್ಲಿರುವ ಪೇಟೆಂಟ್ ದಿನಾಂಕ ಮಾತ್ರ ವಸ್ತು ತಯಾರಾದ ದಿನಾಂಕವಲ್ಲ, ಅದೇ ಮುದ್ರೆಯೊಂದಿಗೆ ವರ್ಷಗಟ್ಟಲೆ ಉತ್ಪಾದನೆ ನಡೆದಿರಬಹುದು.

ಹಿರಿಯರನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ‘ಇದು ಬತ್ತಿ ಕತ್ತರಿಸುವ ಕತ್ತರಿಯೇ?’ ಎಂದು ಕೇಳಿದರೆ ಹೆಚ್ಚಿನವರು ಸೌಜನ್ಯಕ್ಕಾದರೂ ಹೌದೆನ್ನುತ್ತಾರೆ. ಏನೂ ಹೇಳದೆ ವಸ್ತುವನ್ನು ಅವರ ಕೈಗಿಟ್ಟು, ಬೆರಳುಗಳು ಎಲ್ಲಿ ಹೋಗಿ ಕೂರುತ್ತವೆ, ಮಣಿಕಟ್ಟು ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ನೋಡಬೇಕು. ಬಾಯಿಗೆ ಹೆಸರು ಬರುವ ಮೊದಲೇ ಕೈಗೆ ನೆನಪಾಗಿರುತ್ತದೆ. ದೂರದವರಿಗೆ ಚಿತ್ರ ಕಳಿಸುವುದಾದರೆ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು, ಮೇಲ್ಭಾಗ, ತಳ, ಕೀಲು ತೆರೆದ ಸ್ಥಿತಿ, ಮುಚ್ಚಿದ ಸ್ಥಿತಿ ಎಲ್ಲವನ್ನೂ ತೆಗೆದು, ತೂಕವನ್ನೂ ಬರೆಯಿರಿ. ತೂಕವಿಲ್ಲದ ಚಿತ್ರ ಎಂಥ ಅನುಭವಿಯನ್ನೂ ದಾರಿ ತಪ್ಪಿಸಬಲ್ಲದು.

ಊಹೆಯನ್ನು ಪರೀಕ್ಷಿಸುವಾಗ ಬಲ ಹಾಕಬಾರದು. ಸಿಲುಕಿಕೊಂಡ ಕೀಲನ್ನು ಮೀಟಿದರೆ ಮುರಿಯುತ್ತದೆ, ಸುರುಳಿ ಸ್ಪ್ರಿಂಗ್ ಇರುವುದು ಇಲಿಬೋನಿನ ಭಾಗವಾಗಿದ್ದರೆ ಬೆರಳಿಗೆ ಪೆಟ್ಟಾಗುತ್ತದೆ. ಹಳೆಯ ಬಣ್ಣದಲ್ಲಿಯೂ ಬೆಸುಗೆಯಲ್ಲಿಯೂ ಸೀಸವಿರಬಹುದಾದ್ದರಿಂದ ಅದನ್ನು ಕೆರೆಯುವುದು ಬೇಡ, ಅಂಥ ಪಾತ್ರೆ ಸೌಟುಗಳನ್ನು ಅಡುಗೆಗೆ ಮರಳಿ ಬಳಸುವುದೂ ಬೇಡ.

ಒಂದು ತೀರ್ಮಾನಕ್ಕೆ ಬಂದ ಮೇಲೆ ರಟ್ಟಿನ ಚೀಟಿಯೊಂದನ್ನು ಬರೆದು ದಾರದಿಂದ ವಸ್ತುವಿಗೆ ಕಟ್ಟಿಡಿ. ಎಲ್ಲಿ, ಯಾವಾಗ ಸಿಕ್ಕಿತು, ಅಳತೆಯೆಷ್ಟು, ಸವೆತ ಎಲ್ಲಿದೆ ಎಂಬುದು ಚೀಟಿಯ ಒಂದು ಬದಿಯಲ್ಲಿರಲಿ. ಇನ್ನೊಂದು ಬದಿಯಲ್ಲಿ ನಿಮ್ಮ ಊಹೆಯನ್ನೂ ಅದಕ್ಕೆ ಕಾರಣವನ್ನೂ ಸೀಸದ ಕಡ್ಡಿಯಲ್ಲಿ, ಮುಂದೆ ಅಳಿಸಿ ತಿದ್ದಲು ಬರುವಂತೆ, ಬರೆಯಿರಿ.