ಭಾನುವಾರ ಸಂಜೆಯ ದೋಣಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ಬಿಟ್ಟು ಅಲ್ಲಿನದೇ ಯಾವುದಾದರೂ ಸಣ್ಣ ದ್ವೀಪಕ್ಕೆ ಹೋಗಿಬಿಡೋಣ ಅಂತಿದ್ದೇವೆ ಎಂದು ಹೇಳಿದಾಗ ಅಮ್ಮ ಚಳಿಯ ಬಗ್ಗೆ ಕೇಳಲಿಲ್ಲ, ಕೆಲಸದ ಬಗ್ಗೆಯೂ ಕೇಳಲಿಲ್ಲ. "ಮಕ್ಕಳ್ ಶಾಲಿಗ್ ಹೋಪುದ್ ಹ್ಯಾಂಗ್?" ಅಂದರು. ಕುದ್ರುವಿನಲ್ಲಿ, ಅಂದರೆ ಹೊಳೆಯ ನಡುವಿನ ದ್ವೀಪದಲ್ಲಿ, ಸಂಸಾರ ಮಾಡಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಪಂಚಗಂಗಾವಳಿ ಹೊಳೆಯ ಒಂದು ಕುದ್ರುವಿನಲ್ಲಿ. ಆಗ ಸೇತುವೆ ಇರಲಿಲ್ಲ. ಏಳನೇ ತರಗತಿಯವರೆಗೆ ಹೇಗೋ ನಡೆಯಿತು. ಎಂಟಕ್ಕೆ ಬಂದಾಗ, ಮಳೆಗಾಲದಲ್ಲಿ ನೆರೆ ಬಂದು ದೋಣಿ ನಿಂತರೆ ಶಾಲೆ ತಪ್ಪುತ್ತದೆ ಎಂದು ನನ್ನನ್ನು ಪೇಟೆಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಶನಿವಾರ ಮಧ್ಯಾಹ್ನ ಮನೆಗೆ ಬರುವುದು, ಭಾನುವಾರ ಸಂಜೆ ದೋಣಿ ಹತ್ತುವುದು. ದೊಡ್ಡಮ್ಮ ನನ್ನನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡರು, ಆ ಮಾತಿನಲ್ಲಿ ಎರಡಿಲ್ಲ. ಆದರೂ ಭಾನುವಾರ ಸಂಜೆ ದೋಣಿ ದಡ ಬಿಟ್ಟು ಹೊರಡುವಾಗ ಹೊಟ್ಟೆಯೊಳಗೆ ಆಗುತ್ತಿದ್ದ ಸಂಕಟ ನಲವತ್ತು ದಾಟಿದರೂ ಮರೆತಿಲ್ಲ.

ಹೀಗಿದ್ದೂ ನಾವು ಹುಡುಕಾಟ ಶುರು ಮಾಡಿದಾಗ ಶಾಲೆಯ ವಿಷಯ ನಮ್ಮ ಪಟ್ಟಿಯಲ್ಲಿ ನಾಲ್ಕನೆಯದೋ ಐದನೆಯದೋ ಆಗಿತ್ತು. ಮೇಲಿದ್ದದ್ದು ಮನೆಯ ಬೆಲೆ, ಇಂಟರ್ನೆಟ್ಟಿನ ವೇಗ, ಕಡಲತೀರ. ಅದು 2021. ಮಗಳಿಗೆ ಎಂಟು ವರ್ಷ, ಮಗ ಇನ್ನೂ ಕೈಗೂಸು. ನಮ್ಮ ಮನೆಯವರು ನರ್ಸ್, ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವಳು. ಐಎಲ್ಆರ್, ಅಂದರೆ ಬ್ರಿಟನ್ನಿನಲ್ಲಿ ಕಾಯಂ ಆಗಿ ಇರುವ ಅನುಮತಿ, ಕೈಗೆ ಬಂದಿತ್ತು. ಕೆಲಸದ ವೀಸಾದಲ್ಲಿರುವವರು ಇಂಥ ಯೋಚನೆಗೆ ಇಳಿಯುವ ಮೊದಲು ಅದು ಆಗಿರಬೇಕು. ಇಲ್ಲವಾದರೆ ಕೆಲಸ ಕೊಟ್ಟವರು ಎಲ್ಲಿದ್ದಾರೋ ಅಲ್ಲೇ ನೀವೂ ಇರಬೇಕಾಗುತ್ತದೆ.

ಅದೇ ವರ್ಷ ಸ್ಕಾಟ್ಲೆಂಡ್ ಸರ್ಕಾರ ದ್ವೀಪಗಳಲ್ಲಿ ನೆಲೆಸುವ 100 ಕುಟುಂಬಗಳಿಗೆ 50,000 ಪೌಂಡಿನವರೆಗೆ ಕೊಡುವ ಯೋಜನೆ ಹೇಳಿತ್ತು. ಆ ಸುದ್ದಿ ನನಗೆ ಊರಿನ ನಾಲ್ಕು ವಾಟ್ಸಾಪ್ ಗುಂಪುಗಳಿಂದ ಬಂತು. ಜನರ ಅಭಿಪ್ರಾಯ ಕೇಳಿದ ಮೇಲೆ 2022ರಲ್ಲಿ ಅದನ್ನು ಕೈಬಿಟ್ಟರು. ನಾವು ಹೋದ ಪ್ರತಿ ದ್ವೀಪದಲ್ಲೂ ಜನ ಹೇಳಿದ್ದು ಒಂದೇ: ದುಡ್ಡಲ್ಲ, ಇರಲಿಕ್ಕೆ ಮನೆ ಬೇಕು. ನಮ್ಮ ಅನುಭವವೂ ಕೊನೆಗೆ ಅದೇ ಆಯಿತು.

2022ರ ಬೇಸಿಗೆಯಲ್ಲಿ ಮೊದಲು ಹೋದದ್ದು ಎಗ್ ದ್ವೀಪಕ್ಕೆ. ಮಾಲೆಗ್ ಬಂದರಿನಿಂದ ಹೊರಡುವ ಹಡಗಿನಲ್ಲಿ ಪ್ರವಾಸಿಗಳ ಕಾರಿಗೆ ಜಾಗವಿಲ್ಲ, ಇಳಿದ ಮೇಲೆ ನಡಿಗೆಯೇ. ನೂರರ ಆಸುಪಾಸಿನ ಜನ. 1997ರಲ್ಲಿ ಅಲ್ಲಿನವರು ದೇಣಿಗೆ ಎತ್ತಿ, ಹೈಲ್ಯಾಂಡ್ ಕೌನ್ಸಿಲ್ ಮತ್ತು ಒಂದು ವನ್ಯಜೀವಿ ಟ್ರಸ್ಟಿನ ಜೊತೆ ಸೇರಿ, ಇಡೀ ದ್ವೀಪವನ್ನೇ ಭೂಮಾಲೀಕರಿಂದ ಕೊಂಡುಕೊಂಡರು. 2008ರಿಂದ ನೀರು, ಗಾಳಿ, ಬಿಸಿಲಿನಿಂದ ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುತ್ತಾರೆ. ಒಂದು ಮನೆಗೆ ಒಂದು ಹೊತ್ತಿಗೆ 5 ಕಿಲೋವ್ಯಾಟ್, ಅದಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಒಲೆ, ಕೆಟಲ್, ಬಟ್ಟೆ ಒಗೆಯುವ ಮೆಷಿನ್ ಎಲ್ಲವನ್ನೂ ಒಟ್ಟಿಗೆ ಹಾಕದೆ, ಒಂದಾದ ಮೇಲೆ ಒಂದು ಎಂದು ಬದುಕಲು ಜನ ಕಲಿತಿದ್ದಾರೆ. ನನಗೆ ಆ ಶಿಸ್ತು ಬಹಳ ಹಿಡಿಸಿತು. ಅಲ್ಲೇ ಇದ್ದುಬಿಡೋಣ ಎಂದು ಇವರು ಆ ರಾತ್ರಿಯೇ ಹೇಳಿದರು.

ಮರುದಿನ ಚಹಾದಂಗಡಿಯಲ್ಲಿ ಒಬ್ಬ ತಾಯಿ ಮಾತಿಗೆ ಸಿಕ್ಕಿದರು. ಅವರ ದೊಡ್ಡ ಮಗ ಹನ್ನೆರಡಕ್ಕೆ ಬಂದಿದ್ದ. ಎಗ್‌ನಲ್ಲಿ ಇರುವುದು ಪ್ರೈಮರಿ ಶಾಲೆ ಮಾತ್ರ. ಹೈಸ್ಕೂಲಿಗೆ ಮಾಲೆಗ್, ಅಲ್ಲಿನ ಹಾಸ್ಟೆಲಿನಲ್ಲಿ ವಾಸ, ವಾರದ ಕೊನೆಗೆ ಮನೆ. ಅವರು ಅಳುಕಿಲ್ಲದೆ ಹೇಳಿದರು: ಮಕ್ಕಳು ಬೇಗ ಗಟ್ಟಿಯಾಗುತ್ತಾರೆ, ಬೇರೆ ದ್ವೀಪಗಳ ಮಕ್ಕಳ ಸ್ನೇಹ ಜೀವಮಾನವಿಡೀ ಉಳಿಯುತ್ತದೆ. ಅವರ ಮಾತು ಸುಳ್ಳಲ್ಲ. ಆದರೆ ಅವರ ಮಾತು ಮುಗಿಯುವಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಆ ಹಳೇ ಸಂಕಟ ಎದ್ದಿತ್ತು. ಮಾಲೆಗ್‌ಗೆ ಹಿಂತಿರುಗುವ ಹಡಗಿನಲ್ಲಿ ಇವರಿಗೆ ಮೊದಲ ಬಾರಿ ದೊಡ್ಡಮ್ಮನ ಮನೆಯ ಕಥೆ ಪೂರ್ತಿ ಹೇಳಿದೆ. ಮದುವೆಯಾಗಿ ಹದಿಮೂರು ವರ್ಷ ಆಗಿತ್ತು.

ಅಲ್ಲಿಂದ ಮುಂದೆ ನಮ್ಮ ಪಟ್ಟಿ ತಲೆಕೆಳಗಾಯಿತು. ಯಾವ ದ್ವೀಪ ಎಂದು ಕೇಳುವುದನ್ನು ಬಿಟ್ಟು, ಹನ್ನೆರಡು ತುಂಬಿದ ಮೇಲೆ ಮಗಳು ರಾತ್ರಿ ಮಲಗುವುದು ಎಲ್ಲಿ ಎಂದು ಕೇಳತೊಡಗಿದೆವು. ಆ ಒಂದು ಪ್ರಶ್ನೆ ಹಾಕಿದರೆ ಸ್ಕಾಟ್ಲೆಂಡಿನ ದ್ವೀಪಗಳು ತಾವಾಗಿಯೇ ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತವೆ. ಎಗ್, ಕೋಲ್, ಕೊಲೊನ್ಸೆ: ಪ್ರೈಮರಿ ಮಾತ್ರ, ಆಮೇಲೆ ಹಾಸ್ಟೆಲು. ಗೀಯಾ: ಪ್ರೈಮರಿ ಮಾತ್ರವೇ, ಆದರೆ ಆಚೆ ದಡಕ್ಕೆ ಹಡಗಿನಲ್ಲಿ 20 ನಿಮಿಷ, ದೊಡ್ಡ ಮಕ್ಕಳು ದಿನಾ ಹೋಗಿಬರಬಹುದು. ಆರ್ಕ್ನಿ ದ್ವೀಪಸಮೂಹದ ವೆಸ್ಟ್ರೆ ಮತ್ತು ಸ್ಯಾಂಡೆ: 16ನೇ ವಯಸ್ಸಿನವರೆಗೆ ಅಲ್ಲೇ, ಕೊನೆಯ ಎರಡು ವರ್ಷ ಕರ್ಕ್‌ವಾಲ್ ಪಟ್ಟಣದಲ್ಲಿ. ಟೈರೀ ಮತ್ತು ಬಾರಾ: ಮೂರು ವರ್ಷದ ಮಗುವಿನಿಂದ 18ರವರೆಗೆ ಒಂದೇ ಶಾಲೆ. ಜನಸಂಖ್ಯೆಗೂ ಇದಕ್ಕೂ ನೇರ ಲೆಕ್ಕ ಇಲ್ಲ. 2011ರ ಜನಗಣತಿಯಲ್ಲಿ ಟೈರೀಯಲ್ಲಿ 653 ಜನ, ವೆಸ್ಟ್ರೆಯಲ್ಲಿ 588. ಹೆಚ್ಚು ಕಡಿಮೆ ಒಂದೇ ಅಳತೆಯ ಎರಡು ಊರು, ಆದರೆ ಮಕ್ಕಳ ಬಾಲ್ಯದಲ್ಲಿ ಎರಡು ವರ್ಷದ ವ್ಯತ್ಯಾಸ.

ಚಳಿಗಾಲದಲ್ಲೇ ನೋಡಬೇಕು ಎಂದು ಗಟ್ಟಿ ಮಾಡಿಕೊಂಡೆವು. ನಮ್ಮ ಕುದ್ರುವನ್ನು ಜನವರಿಯಲ್ಲಿ ನೋಡಿ ಹೋದ ನೆಂಟರಿಗೆ ಆಷಾಢದ ಕುದ್ರು ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ. ಇಲ್ಲಿ ಅದು ತಿರುಗುಮುರುಗು.

2023ರ ಜನವರಿಯಲ್ಲಿ ಓಬನ್ ಬಂದರಿನಿಂದ ಟೈರೀಗೆ ಹೊರಟೆವು. ನಾಲ್ಕು ಗಂಟೆಯ ಹತ್ತಿರದ ಪಯಣ. ದಾರಿಯಲ್ಲಿ ಹಡಗು ಕೋಲ್ ದ್ವೀಪದ ಕಟ್ಟೆಯಲ್ಲಿ ನಿಲ್ಲುತ್ತದೆ. ವಾರದ ಕೊನೆ. ಓಬನ್ ಹಾಸ್ಟೆಲಿನಿಂದ ಮನೆಗೆ ಹೊರಟಿದ್ದ ನಾಲ್ಕೈದು ಮಕ್ಕಳು ನಮ್ಮ ಪಕ್ಕದ ಮೇಜಿನಲ್ಲಿ ಇಸ್ಪೀಟು ಆಡುತ್ತಿದ್ದರು, ನಗುತ್ತಿದ್ದರು. ಕಟ್ಟೆ ಕಾಣಿಸಿದ್ದೇ ತಡ, ಅದರಲ್ಲಿ ಎಲ್ಲರಿಗಿಂತ ಚಿಕ್ಕವನು ಎಲೆಗಳನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಹತ್ತಿರ ಓಡಿ ನಿಂತ. ಹಡಗು ನಿಲ್ಲಲು ಇನ್ನೂ ಹತ್ತು ನಿಮಿಷವಿತ್ತು. ಅವನು ಅಲ್ಲಿಂದ ಕದಲಲಿಲ್ಲ. ಇವರು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಟೈರೀ ಚಪ್ಪಟೆ ದ್ವೀಪ. ಸುಮಾರು 19 ಕಿಲೋಮೀಟರ್ ಉದ್ದ, ಅತಿ ಎತ್ತರದ ಗುಡ್ಡವೇ 141 ಮೀಟರ್. ಮರ ಎನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲದ್ದರಿಂದ ಅದು ಅಟ್ಲಾಂಟಿಕ್‌ನಿಂದ ನೇರ ಅಡುಗೆಮನೆಗೇ ಬರುತ್ತದೆ. ನಮಗೆ ಕೋಣೆ ಕೊಟ್ಟಿದ್ದ ಮುದುಕಿ ಮೊದಲು ಕಲಿಸಿದ ಪಾಠ: ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸು, ಬೆನ್ನು ಕೊಟ್ಟು ನಿಲ್ಲಿಸಿದರೆ ಬಾಗಿಲು ಕಿತ್ತುಹೋಗುತ್ತದೆ. ಮೂರು ದಿನಕ್ಕೆಂದು ಹೋದವರು ಏಳು ದಿನ ಉಳಿದೆವು. ಹಡಗು ಬರಲಿಲ್ಲ, ವಿಮಾನವೂ ಬರಲಿಲ್ಲ. ಅಂಗಡಿಯಲ್ಲಿ ಮೊದಲು ಹಾಲು ಖಾಲಿ, ಆಮೇಲೆ ಬ್ರೆಡ್ಡು, ಆಮೇಲೆ ತರಕಾರಿ. ಐದನೇ ದಿನ ಬಾಗಿಲು ತಟ್ಟಿದ ಶಬ್ದ. ಒಬ್ಬ ರೈತ, ಕೈಯಲ್ಲಿ ಒಂದು ಚೀಲ ಆಲೂಗೆಡ್ಡೆ. ಚಿಕ್ಕ ಮಗು ಇದೆ ಎಂದು ಅಂಗಡಿಯಲ್ಲಿ ಕೇಳಿ ಬಂದಿದ್ದ. ಹೆಸರೂ ಹೇಳದೆ ಹೋದ.

ಶಾಲೆಗೂ ಹೋಗಿ ಕೂತೆವು. ಮಗಳ ವಯಸ್ಸಿನ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು. ಅದರ ಕೊರತೆಯನ್ನೂ ಮುಚ್ಚಿಡಬಾರದು: ದೊಡ್ಡ ತರಗತಿಗಳಲ್ಲಿ ಎಲ್ಲ ವಿಷಯಕ್ಕೂ ಮೇಷ್ಟ್ರಿರುವುದಿಲ್ಲ, ಕೆಲವನ್ನು ವಿಡಿಯೊದಲ್ಲಿ ಕಲಿಯಬೇಕು. ಜಗಳವಾದರೆ ಬೇರೆ ಗೆಳತಿಯನ್ನು ಹುಡುಕಿಕೊಳ್ಳಲು ಬೇರೆ ಹುಡುಗಿಯೇ ಇರುವುದಿಲ್ಲ. ಮಗಳಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆವು. ಅವಳು ಒಂದೇ ಕೇಳಿದಳು, ನಾಯಿ ಸಾಕಬಹುದಾ ಅಂತ.

ಫೆಬ್ರವರಿಯಲ್ಲಿ ವೆಸ್ಟ್ರೆ. ನಿಜ ಹೇಳಬೇಕೆಂದರೆ ಊರು ಎಂಬ ಅರ್ಥದಲ್ಲಿ ನನಗೆ ವೆಸ್ಟ್ರೆಯೇ ಹೆಚ್ಚು ಇಷ್ಟವಾಯಿತು. 16 ಎಂದರೆ ನಾನು ಒಪ್ಪಬಹುದಾದ ವಯಸ್ಸು ಕೂಡ. ಅಲ್ಲಿ ಇನ್ನೊಂದು ಲೆಕ್ಕ ಅಡ್ಡ ಬಂತು. ಕುಂದಾಪುರದಿಂದ ಅಮ್ಮನ ವಿಷಯವಾಗಿ ಅಪರಾತ್ರಿ ಫೋನ್ ಬಂದರೆ ಎಷ್ಟು ಹೊತ್ತಿಗೆ ಅಲ್ಲಿರುತ್ತೇನೆ? ವೆಸ್ಟ್ರೆಯಿಂದ ಎಂಟು ಜನರ ಪುಟ್ಟ ವಿಮಾನದಲ್ಲೋ ಒಂದೂವರೆ ಗಂಟೆಯ ಹಡಗಿನಲ್ಲೋ ಕರ್ಕ್‌ವಾಲ್, ಅಲ್ಲಿಂದ ಇನ್ನೊಂದು ವಿಮಾನ, ಆಮೇಲೆ ಊರಿನ ದಾರಿ. ಟೈರೀಯಿಂದ ಗ್ಲಾಸ್ಗೋಗೆ ನೇರ ವಿಮಾನವಿದೆ, ಒಂದು ಗಂಟೆಯೊಳಗೆ. ಪರದೇಶದಲ್ಲಿ ದ್ವೀಪ ಆರಿಸುವ ನಮ್ಮಂಥವರು ಈ ಕೊಂಡಿಯನ್ನು ಕಾಗದದ ಮೇಲೆ ಬರೆದು ಕೂಡಿಸಿಯೇ ನೋಡಬೇಕು. ಬಾರಾ ದ್ವೀಪದ ವಿಮಾನ ಇಳಿಯುವುದು ಕಡಲತೀರದ ಮರಳಿನ ಮೇಲೆ, ಭರತ ಇಳಿತ ನೋಡಿ ವೇಳಾಪಟ್ಟಿ. ಅಲ್ಲಿ ಇವರಿಗೆ ಕೆಲಸ ಕುದುರಲಿಲ್ಲ, ಹಾಗಾಗಿ ಹೋಗಿ ನೋಡಲೂ ಇಲ್ಲ.

ಟೈರೀ ಎಂದು ತೀರ್ಮಾನವಾದ ಮೇಲೆ ಮನೆಗಾಗಿ ಹದಿನಾಲ್ಕು ತಿಂಗಳು ಕಾದೆವು. ಬಾಡಿಗೆ ಮನೆ ಸಿಗುವುದಿಲ್ಲ ಎಂದಲ್ಲ. ಅಕ್ಟೋಬರಿನಿಂದ ಮಾರ್ಚಿನವರೆಗೆ ಸಿಗುತ್ತದೆ; ಈಸ್ಟರ್ ಬಂದರೆ ಪ್ರವಾಸಿಗಳಿಗಾಗಿ ಖಾಲಿ ಮಾಡಬೇಕು. ಶಾಲೆಗೆ ಹೋಗುವ ಮಕ್ಕಳಿರುವವರು ಈ ಬಲೆಗೆ ಬೀಳಬಾರದು. ಕೊಳ್ಳೋಣವೆಂದರೆ ಹೆಚ್ಚಿನ ಜಮೀನು ಕ್ರಾಫ್ಟ್ ಪದ್ಧತಿಯಲ್ಲಿದೆ. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ, ನಮ್ಮ ಮೂಲಗೇಣಿಯ ದಾಯಾದಿ ಇದ್ದಂತೆ. ಧಣಿಗಳ ಭೂಮಿ, ಒಕ್ಕಲಿಗೆ ಪೀಳಿಗೆಯಿಂದ ಪೀಳಿಗೆಗೆ ಹಕ್ಕು. 1886ರ ಕಾಯ್ದೆ ಬಂದ ಮೇಲೆ ಸುಮ್ಮನೆ ಎಬ್ಬಿಸುವಂತಿಲ್ಲ, ಗೇಣಿಯನ್ನು ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. ನಮ್ಮಲ್ಲಿ 1974ರ ಭೂಸುಧಾರಣೆಯಿಂದ ಉಳುವವನೇ ಒಡೆಯನಾದ, ಇಲ್ಲಿ ಬಹುಪಾಲು ಮಂದಿ ಇನ್ನೂ ಒಕ್ಕಲೇ. ಪ್ರತಿಯಾಗಿ ಒಕ್ಕಲು ಆ ನೆಲದಿಂದ 32 ಕಿಲೋಮೀಟರ್ ಒಳಗೆ ವಾಸವಿರಬೇಕು, ಭೂಮಿಯನ್ನು ಹಡಿಲು ಬಿಡಬಾರದು. ಈ ಷರತ್ತು ನನಗೆ ಸರಿ ಎನಿಸುತ್ತದೆ. ಊರಿನಲ್ಲಿ ನಮ್ಮ ಗದ್ದೆಗಳೇ ಹಡಿಲು ಬಿದ್ದಿರುವುದನ್ನು ನೋಡಿದವಳು ನಾನು. ಆದರೆ ಕೊಳ್ಳುವವರು ಒಂದನ್ನು ನೋಡಿಕೊಳ್ಳಬೇಕು: ಮನೆ ನಿಂತ ಜಾಗವನ್ನು ಕ್ರಾಫ್ಟಿನಿಂದ ಬಿಡಿಸಿದ್ದಾರೋ ಇಲ್ಲವೋ. ಬಿಡಿಸದಿದ್ದರೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ವಕೀಲರಿಗೆ ಮೊದಲ ಕಂತು ಕೊಟ್ಟ ಮೇಲೆ ನಮಗಿದು ಗೊತ್ತಾಯಿತು, ಒಂದು ಮನೆ ಹಾಗೆ ಕೈತಪ್ಪಿತು.

ಕೊನೆಗೆ ಮನೆ ಸಿಕ್ಕಿದ್ದು ಆ ಮುದುಕಿಯ ಬಾಯಿಮಾತಿನಿಂದ. ಅವರ ನಾದಿನಿ ಮಗಳ ಹತ್ತಿರ ಹೋಗಿ ಇರುವವರಿದ್ದರು, ಮನೆಯನ್ನು ಬೇಸಿಗೆಯ ಜನಕ್ಕೆ ಕೊಡಲು ಮನಸ್ಸಿರಲಿಲ್ಲ. ಆ ಏಳು ದಿನ ಗಾಳಿಯಲ್ಲಿ ಸಿಕ್ಕಿಬಿದ್ದಿರದಿದ್ದರೆ ಅವರಿಗೆ ನಮ್ಮ ಪರಿಚಯವೇ ಆಗುತ್ತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದೆವು, ವರ್ಷವಿಡೀ ಬಾಡಿಗೆಗೆ.

ಇವರು ವಯಸ್ಸಾದವರ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಹಿಡಿದರು. ಸಂಬಳ ಗ್ಲಾಸ್ಗೋದಕ್ಕಿಂತ ಕಡಿಮೆ. ಕುಚ್ಚಲಕ್ಕಿ, ತೊಗರಿಬೇಳೆ ಆರು ತಿಂಗಳಿಗಾಗುವಷ್ಟು ತಂದಿಡುತ್ತೇವೆ, ಕರಿಬೇವು ಫ್ರೀಜರಿನಲ್ಲಿ. ಏಡಿ ಮಾತ್ರ ಕಟ್ಟೆಯಲ್ಲೇ ಸಿಗುತ್ತದೆ, ಸುಕ್ಕ ಮಾಡಿ ಮುದುಕಿಗೂ ಕೊಡುತ್ತೇನೆ. ಮಗನನ್ನು ಇಲ್ಲಿನ ಹಳೆಯ ಭಾಷೆಯಾದ ಗೇಲಿಕ್ ಮಾಧ್ಯಮಕ್ಕೆ ಹಾಕಿದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಗೇಲಿಕ್, ಇಂಗ್ಲಿಷ್ ಗಾಳಿಯಲ್ಲೇ ಇದೆ. ತನ್ನ ಭಾಷೆಯನ್ನು ಇನ್ನೊಬ್ಬರ ಮಗು ಆಡಿದ್ದನ್ನು ಕೇಳಿ ಮುದುಕಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ದ್ವೀಪದಲ್ಲಿ ವೈದ್ಯರಿದ್ದಾರೆ, ಹೆರಿಗೆ ಆಸ್ಪತ್ರೆ ಇಲ್ಲ. ಗರ್ಭಿಣಿಯರು ದಿನ ತುಂಬುವ ಮೊದಲೇ ಆಚೆ ದಡಕ್ಕೆ ಹೋಗಬೇಕು. ಇನ್ನೊಂದು ಮಗುವಿನ ಯೋಚನೆ ಇದ್ದಿದ್ದರೆ ನಮ್ಮ ಆಯ್ಕೆ ಬೇರೆಯೇ ಆಗಿರುತ್ತಿತ್ತೋ ಏನೋ.

ಈ ಆಗಸ್ಟಿನಲ್ಲಿ ಮಗಳು ಹೈಸ್ಕೂಲಿಗೆ ಸೇರಿದಳು. ಹಿಂದಿನ ದಿನ ಸಂಜೆ ಅಮ್ಮ ವಿಡಿಯೊ ಕರೆಯಲ್ಲಿ ಅವಳನ್ನೇ ನೋಡುತ್ತಾ, "ನಾಳೆ ಎಷ್ಟೊತ್ತಿಗ್ ಹೊರಡುದ್?" ಎಂದು ಕೇಳಿದರು. "ಅದೇ ಶಾಲೆ ಅಮ್ಮಮ್ಮ, ಈ ಕಡೆಯಿಂದ ಆ ಕಡೆಗೆ ಹೋಗುವುದು ಅಷ್ಟೇ," ಎಂದಳು ಮಗಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನು ನನಗೆ ಕೊಡಲು ಹೇಳಿದರು. ಆಮೇಲೆ ನಾವಿಬ್ಬರೂ ದೊಡ್ಡಮ್ಮನ ವಿಷಯ ಮಾತಾಡಿದೆವು. ಮಗಳು ನಾಯಿಯನ್ನು ಕರೆದುಕೊಂಡು ತೀರದ ಕಡೆ ಹೋದಳು.