ಕೆರೆದಂಡೆಯಲ್ಲಿ ಕೂತು ಹಕ್ಕಿ ನೋಡುವುದು

ಚಿಕ್ಕ ಕೆರೆಗೆ ಹಕ್ಕಿ ನೋಡಲು ಹೊಸದಾಗಿ ಬಂದವರು ಸೀದಾ ಏರಿ ಹತ್ತಿ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಏರಿಯ ಮೇಲೆ ನಿಂತ ಮನುಷ್ಯ ಆಕಾಶಕ್ಕೆ ಎದುರಾಗಿ ಇಡೀ ಕೆರೆಗೇ ಕಾಣುತ್ತಾನೆ, ಬಾತುಗಳು ಆಚೆ ದಡಕ್ಕೆ ಸರಿದುಬಿಡುತ್ತವೆ. ನನ್ನ ಕೇಳಿದರೆ ನಡೆಯಲೇಬೇಡಿ. ಏರಿಯಿಂದ ಇಳಿದು, ಬೆನ್ನಿಗೆ ಒಂದು ಪೊದೆಯೋ ಮರವೋ ಇರುವಂತೆ ಕೂತುಬಿಡಿ. ನೀವು ಬಂದಾಗ ಹಾರಿದ ಹಕ್ಕಿಗಳು ಸ್ವಲ್ಪ ಹೊತ್ತಿಗೆ ತಾವಾಗಿಯೇ ಮರಳುತ್ತವೆ.

ಸೂರ್ಯ ಬೆನ್ನ ಹಿಂದಿರಬೇಕು. ಅಂದರೆ ಬೆಳಿಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ಇದನ್ನು ಮರೆತರೆ ಎಲ್ಲ ಹಕ್ಕಿಯೂ ಕಪ್ಪು ಹಕ್ಕಿಯೇ. ಬೈನಾಕ್ಯುಲರ್ 8x42 ಸಾಕು: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹನ್ನೆರಡು ಪಟ್ಟಿನದು ಕೊಂಡವರ ಕೈಯಲ್ಲಿ ಹಕ್ಕಿಗಿಂತ ನಡುಕವೇ ಹೆಚ್ಚು ಕಾಣುತ್ತದೆ.

ಕೂತ ಮೇಲೆ ಹಕ್ಕಿ ಹುಡುಕಬೇಡಿ, ನೀರಿನ ಆಳ ನೋಡಿ. ಕೆರೆಯಲ್ಲಿ ಯಾರು ಎಲ್ಲಿ ಅನ್ನುವುದನ್ನು ಕಾಲು ಮತ್ತು ಕೊಕ್ಕು ತೀರ್ಮಾನಿಸುತ್ತವೆ. ಒದ್ದೆ ಕೆಸರಿನ ಅಂಚಿನಲ್ಲಿ ಹಿಂಭಾಗ ಕುಣಿಸುತ್ತ ಓಡಾಡುವುದು ಗದ್ದೆಗೊರವ. ಅದರಾಚೆ ಗೇಣುದ್ದ ನೀರಿನಲ್ಲಿ, ಗುಲಾಬಿ ಬಣ್ಣದ ಕಾಲು ಎತ್ತಿಟ್ಟು ನಡೆಯುವುದು ಮೆಟ್ಟುಗಾಲು ಹಕ್ಕಿ. ಇನ್ನೂ ಆಳದಲ್ಲಿ ಬೂದು ಬಕ ಕಂಬದ ಹಾಗೆ ನಿಂತಿರುತ್ತದೆ. ತಾವರೆ ಎಲೆಗಳಿದ್ದರೆ ಅಲ್ಲಿ ದೇವನಕ್ಕಿ. ಅದರ ಬೆರಳು ಎಷ್ಟು ಉದ್ದವೆಂದರೆ ಭಾರವೆಲ್ಲ ಹರಡಿ ಎಲೆ ಮುಳುಗುವುದಿಲ್ಲ. ಮೊಟ್ಟೆಗೆ ಕಾವು ಕೊಡುವುದೂ ಮರಿ ಸಾಕುವುದೂ ಗಂಡೇ.

ನಡುನೀರಿಗೆ ಬಂದರೆ ಹಣೆಯ ಬಿಳಿ ನಾಮದಿಂದ ನಾಮದ ಕೋಳಿಯನ್ನು ದೂರದಿಂದಲೇ ಹಿಡಿಯಬಹುದು. ಪಕ್ಕದಲ್ಲಿ ಪುಟ್ಟದೊಂದು ತೇಲುತ್ತಿದ್ದು, ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಮಾಯವಾದರೆ ಅದು ಗುಳುಮುಳುಕ. ಮುಳುಗಿದಲ್ಲೇ ದಿಟ್ಟಿಸಿ ಕೂರಬೇಡಿ, ಅದು ಏಳುವುದು ಬೇರೆ ಕಡೆ. ನೀರಿನ ಮೇಲೆ ಬರೀ ಕುತ್ತಿಗೆ ಹಾವಿನಂತೆ ಸರಿದರೆ ಹಾವಕ್ಕಿ. ಬೆನ್ನೂ ಅಷ್ಟಿಷ್ಟು ಕಂಡು, ಕೊಕ್ಕಿನ ತುದಿ ಕೆಳಕ್ಕೆ ಬಾಗಿದ್ದರೆ ನೀರುಕಾಗೆ. ಇವೆರಡೂ ಆಮೇಲೆ ಒಣಮರದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಗುರುತಿಸುವುದನ್ನು ಆಗ ನಿಧಾನವಾಗಿ ಕಲಿಯಬಹುದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ತಟ್ಟನೆ ನೀರಿಗೆ ಬೀಳುವುದು ಕಪ್ಪು ಬಿಳಿ ಮಿಂಚುಳ್ಳಿ. ಇದೊಂದನ್ನು ನೋಡಲು ಯಾವ ಉಪಕರಣವೂ ಬೇಡ.

ದಕ್ಷಿಣ ಭಾರತದ ಕೆರೆಗಳಿಗೆ ವಲಸೆ ಬಾತುಗಳು ಬರುವ ಕಾಲ ಚಳಿಗಾಲ, ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯದು. ಆದರೆ ನನಗೆ ಬೇಸಿಗೆಯ ಕೆರೆಯೂ ಇಷ್ಟ. ನೀರು ಇಂಗಿ ಕೆಸರು ತೆರೆದಷ್ಟೂ ಕೊಕ್ಕರೆ, ಬಕಗಳು ಹತ್ತಿರ ಸೇರುತ್ತವೆ. ತುಂಬಿ ತುಳುಕುವ ಕೆರೆ ನೋಡಲು ಚೆಂದ, ಉದ್ದಕಾಲಿನವುಗಳಿಗೆ ಮಾತ್ರ ನಿಲ್ಲಲು ಜಾಗವಿಲ್ಲ.

ಬಯಲಿನಲ್ಲಿ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರುಚಿದರೆ ಹತ್ತಿರದಲ್ಲೇ ನೆಲದ ಮೇಲೆ ಮೊಟ್ಟೆಯೋ ಮರಿಯೋ ಇದೆ ಎಂದುಕೊಳ್ಳಿ. ಮೊಟ್ಟೆಯ ಬಣ್ಣ ಮಣ್ಣು ಕಲ್ಲುಗಳ ಜೊತೆ ಬೆರೆತಿರುವುದರಿಂದ ಹುಡುಕಲು ಹೋದರೆ ತುಳಿಯುವುದೇ ಹೆಚ್ಚು. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರ ಜೊತೆ ನಾನು ಕೆರೆಗೆ ಹೋಗುವುದಿಲ್ಲ.

ಗುಂಪು ದೊಡ್ಡದಿದ್ದರೆ ಒಂದೊಂದಾಗಿ ಎಣಿಸಬೇಡಿ. ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿ, ಅಂಥ ಜಾಗ ಎಷ್ಟಾಗುತ್ತದೆಂದು ಅಳೆಯಿರಿ. ದಿನಾಂಕ, ಹೊತ್ತು, ನೀರಿನ ಮಟ್ಟ ಪಕ್ಕದಲ್ಲೇ ಬರೆಯಿರಿ. ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಈಬರ್ಡ್ ಜಾಲತಾಣಕ್ಕೆ ಹಾಕುವವರು ಗೊತ್ತಾದ ಹಕ್ಕಿಗಳನ್ನಷ್ಟೇ ಹಾಕಿ. ಗೊತ್ತಾಗದ್ದಕ್ಕೆ ಕೊಕ್ಕು, ಕಾಲು, ನಿಂತಿದ್ದ ನೀರಿನ ಆಳ ಗುರುತು ಹಾಕಿಕೊಂಡರೆ ಮನೆಗೆ ಬಂದು ಪುಸ್ತಕದಲ್ಲಿ ಹುಡುಕಬಹುದು.